ಹೋಗುವವರ ಪಾಲು

ಬೈಕಂಪಾಡಿಯಲ್ಲಿ, ಶೀಟಿನ ಮಾಡಿನ ಕೆಳಗೆ,
ನಮ್ಮ ಕುಲುಮೆ ಬೆಂಕಿಯನ್ನು ಹೊರಗೆ ತೋರಿಸುವುದಿಲ್ಲ.
ಉಕ್ಕಿನ ಹೊಟ್ಟೆ, ಸುತ್ತ ನೀರಿನ ಕೊಳವೆ,
ಅಂಗೈಯಗಲದ ಒಂದು ಗಾಜಿನ ಕಿಂಡಿ.
ಒಳಗೆ ಗ್ರಾಫೈಟ್ ತಟ್ಟೆಗಳಲ್ಲಿ ಎಂಟುನೂರು ಬಿಲ್ಲೆ,
ಟೈಟಾನಿಯಂ ಕಾರ್ಬೈಡು, ನಿಕ್ಕಲ್ಲು, ಚೂರು ಮಾಲಿಬ್ಡಿನಂ.
ಒತ್ತಿ ತೆಗೆದಾಗ ಸೀಮೆಸುಣ್ಣದ ಹಾಗೆ,
ಉಗುರು ತಾಗಿದರೆ ಮೂಲೆ ಹೋಯಿತು.
ನಾಳೆ ಇವೇ ಉಕ್ಕನ್ನು ಸೌತೆಕಾಯಿಯಂತೆ ಸುಲಿಯಬೇಕು.

ಮೊದಲು ಹೋಗುವುದು ಮೇಣ.
ಮುನ್ನೂರು ಡಿಗ್ರಿಗೆ, ಸದ್ದಿಲ್ಲದೆ,
ಮದುವೆಮನೆಯಲ್ಲಿ ಕುರ್ಚಿ ಜೋಡಿಸಿಕೊಟ್ಟು
ಊಟಕ್ಕೆ ನಿಲ್ಲದ ನೆರೆಮನೆಯವನ ಹಾಗೆ.
ಇಷ್ಟು ಹೊತ್ತು ಪುಡಿಯನ್ನು ಹಿಡಿದು ನಿಲ್ಲಿಸಿದ್ದು ಅದೇ.

ಆಮೇಲೆ ಬಹಳ ಹೊತ್ತು ಏನೂ ಇಲ್ಲ.
ಪಂಪು ಗೊರಕೆ ಹೊಡೆಯುತ್ತದೆ, ಮುಳ್ಳು ಮಲಗಿರುತ್ತದೆ.
ಇನಾಸ್ ಪೊರ್ಬು ಹಚ್ಚದ ಬೀಡಿಯನ್ನು ತುಟಿಯಲ್ಲಿಟ್ಟುಕೊಂಡು
ಹೇಳುತ್ತಾರೆ: "ಈಗ ನೋಡು ಜಲಜಾಕ್ಷಿ, ಕಡಲು ಹೊರಡುತ್ತದೆ."

ಕಡಲೇ. ಪಣಂಬೂರಿನ ಗಾಳಿ
ಮಳೆಗಾಲವಿಡೀ ಗೋದಾಮಿನ ಸಂದಿಯಲ್ಲಿ ನುಸುಳಿ
ಪುಡಿಯ ಒಂದೊಂದು ಕಣಕ್ಕೂ ತೊಗಲಾಗಿ ಕೂತಿದೆ.
ಡಬ್ಬಿಗೆ ಎಷ್ಟು ಬಿಗಿ ಮುಚ್ಚಳ ಹಾಕಿದರೂ ಅಷ್ಟೇ,
ಇಲ್ಲಿ ಉಪ್ಪು ನೀರಾಗುತ್ತದೆ, ಹಪ್ಪಳ ಮೆತ್ತಗಾಗುತ್ತದೆ.
ಒಂಬೈನೂರು ದಾಟಿದಾಗ ಆ ಆಮ್ಲಜನಕ ಎದ್ದು ನಿಲ್ಲುತ್ತದೆ.
ಒಂಟಿಯಾಗಿ ಹೋಗುವುದಿಲ್ಲ,
ಪಕ್ಕದ ಇಂಗಾಲದ ಕೈ ಹಿಡಿದೇ ಹೋಗುತ್ತದೆ.
ಮುಳ್ಳು ಏಳುತ್ತದೆ.
ಏಳಬೇಕು. ಏಳದಿದ್ದರೆ ಹೆದರಬೇಕು.

ಅದಕ್ಕೇ ಪುಡಿ ಬೆರೆಸುವಾಗ ನಾವು
ಲೆಕ್ಕಕ್ಕಿಂತ ಒಂದು ಚಿಟಿಕೆ ಮಸಿ ಹೆಚ್ಚು ಹಾಕುವುದು.
ಪಾಲಿಟೆಕ್ನಿಕ್ಕಿನ ಪುಸ್ತಕದಲ್ಲಿ ಅದಕ್ಕೆ ಬೇರೆ ಹೆಸರುಂಟು.
ಪೊರ್ಬುಗಳು ರಿಜಿಸ್ಟರಿನಲ್ಲಿ ಬರೆಯುವುದು: ಹೋಗುವವರ ಪಾಲು.

ಅವರ ಅಪ್ಪ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ
ಭಟ್ಟಿಗೆ ಕಟ್ಟಿಗೆ ಒಟ್ಟುತ್ತಿದ್ದವರಂತೆ.
ಹಸಿ ಹಂಚಿಗೆ ಎರಡು ದಿನ ಬರೀ ಹೊಗೆ,
ಮಣ್ಣಿನೊಳಗಿನ ನೀರು ತನ್ನ ಪಾಡಿಗೆ ಎದ್ದು ಹೋಗುವ ತನಕ.
ಬೆಂಕಿ ಕೊಡುವ ಮೊದಲು ದಾರಿ ಕೊಡು,
ಮನೆತನದ ಆಸ್ತಿ ಇಷ್ಟೇ, ಎಂದು ನಗುತ್ತಾರೆ.

ಕಳೆದ ಆಟಿಯಲ್ಲಿ ನಾನು ದಾರಿ ಕೊಡಲಿಲ್ಲ.
ಬಂದರಿನ ರಿಪೇರಿ ಶೆಡ್ಡಿಗೆ ಬೆಳಿಗ್ಗೆ ಏಳಕ್ಕೇ ಮಾಲು ಬೇಕಂತೆ,
ಸಾವುಕಾರರು ಮೂರು ಸಲ ಫೋನು ಮಾಡಿದರು,
ಪೊರ್ಬುಗಳು ಮಗಳ ಬಾಣಂತನವೆಂದು ಕಿನ್ನಿಗೋಳಿಯಲ್ಲಿ.
ಸಾವಿರದ ನೂರೈವತ್ತರಲ್ಲಿ ಒಂದು ಗಂಟೆ ತಡೆಯಬೇಕು.
ಮುಳ್ಳು ಇನ್ನೂ ನಡುಗುತ್ತಿತ್ತು.
ಇಪ್ಪತ್ತು ನಿಮಿಷಕ್ಕೇ ಗುಂಡಿ ಒತ್ತಿದೆ.
ನಿಕ್ಕಲ್ಲು ಕರಗಿತು, ಸಂದಿಗಳು ಮುಚ್ಚಿದವು,
ಒಳಗಿದ್ದದ್ದು ಒಳಗೇ ಉಳಿಯಿತು.

ಬೆಳಿಗ್ಗೆ ತಟ್ಟೆ ಎಳೆದರೆ ಬಿಲ್ಲೆಗಳ ಕೆನ್ನೆಯಲ್ಲಿ ಗುಳ್ಳೆ.
ಎಪ್ಪತ್ತೋ ಎಂಬತ್ತೋ ನುಣ್ಣಗಿದ್ದವು.
ಪೊರ್ಬುಗಳು ಬಂದವರೇ ಆ ನುಣ್ಣಗಿನವನ್ನೇ ಒಡೆಸಿದರು.
ಸೂಕ್ಷ್ಮದರ್ಶಕದಲ್ಲಿ ದುಂಡಗೆ, ಕಪ್ಪಗೆ, ಒಂದು ತೂತು.
ನೀರುದೋಸೆಯಲ್ಲಿ ಬಂದಿದ್ದರೆ
ನನ್ನ ಅತ್ತೆ ಅದನ್ನು ಕೈಗುಣ ಅನ್ನುತ್ತಿದ್ದರು.

"ಎಂತ ಆಯ್ತು?"
ಪಂಪಿನ ಎಣ್ಣೆ ಹಳತಾಗಿತ್ತು ಅಂದೆ.
ಎಣ್ಣೆ ಬದಲಿಸುವವನು ಜೋಕಟ್ಟೆಯ ಅದ್ರಾಮ.
ಅವನ ಒಂದು ವಾರದ ಸಂಬಳ ಹೋಯಿತು.
ನಾನು ಉಳಿದೆ. ಹೊರಗಿನಿಂದ ನುಣ್ಣಗೇ ಇದ್ದೆ.

ಇವತ್ತು ಮತ್ತೆ ಆಟಿ. ಶೀಟಿನ ಮೇಲೆ ಮಳೆ,
ಒಬ್ಬರ ಮಾತು ಒಬ್ಬರಿಗೆ ಕೇಳುವಷ್ಟೇ.
ಸಾವಿರದ ನೂರೈವತ್ತು. ಮುಳ್ಳು ಎದ್ದಿದೆ.
ಅದ್ರಾಮ ಪಂಪಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು
ಎಣ್ಣೆಯ ಮಟ್ಟ ನೋಡುತ್ತಾನೆ,
ಈಗೀಗ ಎರಡೆರಡು ಸಲ ನೋಡುತ್ತಾನೆ.

"ಅದ್ರಾಮಾ," ಅಂದೆ.
ತಲೆಯೆತ್ತಿದ, ಕೈಯಲ್ಲಿ ಬಟ್ಟೆಯ ಚಿಂದಿ.

ಪೊರ್ಬುಗಳು ಕಿಂಡಿಯಿಂದ ಕಣ್ಣು ತೆಗೆಯಲಿಲ್ಲ.
ಕಿವಿಯ ಸಂದಿಯಿಂದ ಪೆನ್ಸಿಲು ಎಳೆದು
ರಿಜಿಸ್ಟರಿನ ಅಂಚಿನಲ್ಲಿ
ಹೊತ್ತನ್ನು ಗುರುತು ಹಾಕಿಕೊಂಡರು.